ಕೈಯ ವಿದ್ಯೆಗೆ ಕಾಗದದ ಸಾಕ್ಷಿ

ಪರೀಕ್ಷೆಯ ಫಲ ಪ್ರಕಟವಾಗುವ ದಿನಗಳಲ್ಲಿ ಬಾಗಲಕೋಟೆ, ಹುನಗುಂದಗಳ ಮನೆಮನೆಯ ಪಡಸಾಲೆಯಲ್ಲಿಯೂ ಒಂದೇ ಪ್ರಶ್ನೆ: ಹುಡುಗನನ್ನು ಮುಂದೆ ಏನು ಓದಿಸುವದು? ಯಜಮಾನರು ಡಿಗ್ರಿ ಎನ್ನುವರು, ಸೋದರಮಾವನು ಐ.ಟಿ.ಐ. ಎನ್ನುವನು. ಈ ಹೆಸರುಗಳ ಬೆಲೆಯನ್ನು ಅರಿಯದೆ ಮಕ್ಕಳ ಎರಡು ಮೂರು ವರ್ಷಗಳನ್ನು ಪಣಕ್ಕೊಡ್ಡುವದು ಉಚಿತವಲ್ಲವಾದ ಕಾರಣ, ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಅಜ್ಜಂದಿರ ಕಾಲದ ಲೆಕ್ಕವು ಸುಲಭವಾಗಿತ್ತು. ಈ ಸೀಮೆಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದಾಗ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಊರ ಶಾಲೆಯ ಮಾಸ್ತರನಾಗಬಹುದಿತ್ತು. ಮ್ಯಾಟ್ರಿಕ್ ಆದವನಿಗೆ ಕಚೇರಿಯ ಬಾಗಿಲು ತೆರೆಯುತ್ತಿತ್ತು. ನೇಕಾರನ ಮಗನಾದರೋ ಕುಣಿಮಗ್ಗದಲ್ಲಿ ತಂದೆಯ ಪಕ್ಕದಲ್ಲಿಯೇ ಕುಳಿತು ಕಲಿತನು. ಅವನಿಗೆ ಯಾರೂ ಕಾಗದ ಬರೆದುಕೊಡಲಿಲ್ಲ.

ಹಾಗೆಂದು ಕಸಬಿಗೆ ಮನ್ನಣೆ ಕೊಡುವದು ಈ ನಾಡಿಗೆ ಹೊಸದೇನಲ್ಲ. ಬಾದಾಮಿಯ ಸಮೀಪದ ಪಟ್ಟದಕಲ್ಲಿನಲ್ಲಿ, ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ಗುಡಿಯ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರ್ಯ’ ಎಂಬ ಬಿರುದು ದೊರೆತುದನ್ನು ಅಲ್ಲಿಯ ಶಾಸನವೇ ಸಾರುವದು. ಈ ಪ್ರಮಾಣಪತ್ರಕ್ಕೆ ಗೆದ್ದಲಿನ ಭಯವಿಲ್ಲ!

ಇಂದು ಎಸ್.ಎಸ್.ಎಲ್.ಸಿ.ಯಾದ ಮೇಲೆ ದಾರಿಯು ಮುಖ್ಯವಾಗಿ ಮೂರಾಗಿ ಒಡೆಯುವದು: ಎರಡು ವರ್ಷದ ಪಿ.ಯು.ಸಿ., ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ, ಒಂದೆರಡು ವರ್ಷದ ಐ.ಟಿ.ಐ. ಕೊನೆಯದನ್ನು ಹಿಡಿದವನ ಓದು ಅಲ್ಲಿಗೇ ಮುಗಿಯಿತೆಂದು ಅನೇಕರು ಭಾವಿಸಿರುವರು. ಹಾಗಿಲ್ಲ. ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಆದವನು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಲು ಅವಕಾಶವುಂಟು. 1963ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಯನ್ನು ಪಿ.ಯು.ಸಿ. ಇಲ್ಲದೆಯೂ ಈ ದಾರಿಯಿಂದ ಮುಟ್ಟಬಹುದು. ಆದರೆ ಹಣ ಕಟ್ಟುವ ಮುನ್ನ, ಕಡೆಯಲ್ಲಿ ಪ್ರಮಾಣಪತ್ರ ಕೊಡುವವರು ಯಾರೆಂಬುದನ್ನು ಅವಶ್ಯವಾಗಿ ವಿಚಾರಿಸಬೇಕು. ‘ಡಿಪ್ಲೊಮಾ’ ಎಂಬ ಶಬ್ದವನ್ನು ಫಲಕದ ಮೇಲೆ ಬರೆಯಿಸಲು ಬಣ್ಣವಿದ್ದರೆ ಸಾಕು.

ಹುನಗುಂದ ತಾಲೂಕಿನಿಂದ ಬೇರೆಯಾಗಿ ತಾಲೂಕಾಗಿರುವ ಇಳಕಲ್ಲಿನ ಸಂಗತಿಯು ಇನ್ನೂ ವಿಚಾರಾರ್ಹವಾದುದು. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಜಾಣ್ಮೆಯು ಯಾವ ಪಠ್ಯಪುಸ್ತಕದಿಂದಲೂ ಬಾರದು. ಆ ಸೀರೆಗೆ ಭೌಗೋಲಿಕ ಸೂಚಿಯ ಮನ್ನಣೆ ಬಂದಿದೆ, ನೇಯ್ದ ಹೆಣ್ಣುಮಗಳಿಗೋ? 2013ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಹೊರಡಿಸಿದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಓದನ್ನೂ ಕಸಬನ್ನೂ ಒಂದೇ ಏಣಿಯ ಮೇಲೆ ಅಳೆಯುವದು. ಮೊದಲು ಹತ್ತಿದ್ದ ಅದರ ಹಂತಗಳು 2023ರ ತಿದ್ದುಪಡಿಯಲ್ಲಿ ಎಂಟಾದವು. ಮನೆಯಲ್ಲಿಯೇ ಕಲಿತವರ ಕೈಗುಣವನ್ನು ಪರೀಕ್ಷಿಸಿ ‘ಪೂರ್ವಕಲಿಕೆಯ ಮಾನ್ಯತೆ’ಯ ಪತ್ರವನ್ನು ಕೊಡುವ ಏರ್ಪಾಡೂ ಉಂಟು. ಆ ಪತ್ರದಿಂದ ಸೀರೆಯ ಬೆಲೆಯು ಒಂದು ರೂಪಾಯಿಯಷ್ಟೂ ಏರಲಾರದೆಂದು ನಮ್ಮ ಎಣಿಕೆ. ಆದರೆ ನಾಳೆ ಅವಳು ತರಬೇತಿ ಕೇಂದ್ರವೊಂದರಲ್ಲಿ ನೇಯ್ಗೆಯನ್ನು ಕಲಿಸಲು ಹೋದಾಗ, “ಏನು ಓದಿದ್ದೀರವ್ವಾ?” ಎಂದು ಮೇಜಿನಾಚೆಯವರು ಕೇಳಿದರೆ, ತಲೆ ತಗ್ಗಿಸದೆ ಮುಂದಿಡಲು ಅವಳ ಬಳಿಯಲ್ಲಿ ಒಂದು ಕಾಗದವಿರುವದು.