ಬಿಲ್ ಸೊನ್ನೆ ಬಂದರೂ ಯುನಿಟ್ ಸೊನ್ನೆಯಲ್ಲ: ಮನೆಯ ವಿದ್ಯುತ್ತನ್ನು ಕಲಿಸುವ ಬಗೆ

ಹತ್ತನೆಯ ತರಗತಿ ವಿಜ್ಞಾನದ ವಿದ್ಯುಚ್ಛಕ್ತಿ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಅಭ್ಯಾಸ ಶಾಲೆಗಳಲ್ಲಿ ಇಂಥ ಪಾಠಗಳನ್ನು ವೀಕ್ಷಿಸುವಾಗ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಂಡಿದೆ. ಓಮನ ನಿಯಮ, ರೋಧ, ಜೌಲನ ಉಷ್ಣ ನಿಯಮದವರೆಗೆ ಪಾಠ ಚೆನ್ನಾಗಿಯೇ ಸಾಗುತ್ತದೆ. ಕೊನೆಯ ಐದು ನಿಮಿಷದಲ್ಲಿ ‘ವಿದ್ಯುತ್ ಉಳಿಸಿ, ದೇಶ ಬೆಳೆಸಿ’ ಎಂಬ ಘೋಷಣೆ ಕಪ್ಪುಹಲಗೆಗೆ ಬರುತ್ತದೆ. ಸುರಕ್ಷತೆಗೆ ‘ಒದ್ದೆ ಕೈಯಿಂದ ಸ್ವಿಚ್ ಮುಟ್ಟಬೇಡಿ’ ಎಂಬ ಒಂದು ಸಾಲು ಸಿಗುತ್ತದೆ. ಅಲ್ಲಿಗೆ ಗಂಟೆ ಬಾರಿಸುತ್ತದೆ.

ಇಂಥ ಒಂದು ಪಾಠದ ಕೊನೆಗೆ ಹುಡುಗನೊಬ್ಬ ಎದ್ದುನಿಂತು, “ಸರ್, ನಮ್ಮ ಮನ್ಯಾಗ ಲೈಟ್ ಬಿಲ್ ಸೊನ್ನೆ ಬರತೈತ್ರಿ. ಮತ್ಯಾಕ ಉಳಸಬೇಕ್ರಿ?” ಎಂದು ಕೇಳಿದ. ಅದು ಉದ್ಧಟತನವಲ್ಲ, ನ್ಯಾಯವಾದ ಪ್ರಶ್ನೆ. ಹಣದ ಲೆಕ್ಕದ ಮೇಲಷ್ಟೇ ಉಳಿತಾಯದ ಪಾಠ ಕಟ್ಟಿದ್ದರೆ ಈ ಪ್ರಶ್ನೆಗೆ ಶಿಕ್ಷಕರಲ್ಲಿ ಉತ್ತರವಿರುವುದಿಲ್ಲ. ಪಾಠದ ತಳಹದಿಯನ್ನು ರೂಪಾಯಿಯಿಂದ ಯುನಿಟ್‌ಗೆ ಬದಲಿಸಬೇಕು, ಉಳಿತಾಯ ಮತ್ತು ಸುರಕ್ಷತೆಯನ್ನು ಒಂದೇ ಪಾಠವಾಗಿ ಕಲಿಸಬೇಕು ಎಂಬುದು ಈ ಲೇಖನದ ಸಲಹೆ.

ಸೊನ್ನೆ ಬಿಲ್ಲಿನ ಒಳಗಿನ ಲೆಕ್ಕ

ಗೃಹಜ್ಯೋತಿ ಯೋಜನೆಯ ಲಾಭ 2023ರ ಜುಲೈ ತಿಂಗಳ ಬಳಕೆಯಿಂದ ಮನೆಗಳಿಗೆ ಸಿಗತೊಡಗಿತು. ಇದು ಎಲ್ಲರಿಗೂ 200 ಯುನಿಟ್ ಉಚಿತ ಎಂದಲ್ಲ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಆ ಮನೆಯ ಉಚಿತ ಮಿತಿ ಎಂಬುದು ಯೋಜನೆಯ ಮೂಲ ನಿಯಮ. ಸರಾಸರಿ 70 ಯುನಿಟ್ ಇದ್ದ ಮನೆಗೆ 77 ಯುನಿಟ್ ಉಚಿತ. ಒಂದು ತಿಂಗಳು 90 ಬಳಸಿದರೆ 13 ಯುನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಸೊನ್ನೆಯ ಹಿಂದೆ ಒಂದು ಮಿತಿಯಿದೆ, ಆ ಮಿತಿಯನ್ನು ಎಣಿಸುವುದು ಯುನಿಟ್ ಎಂಬುದು ಮಕ್ಕಳಿಗೆ ಮೊದಲು ತಿಳಿಯಬೇಕು.

ಇನ್ನೊಂದು ಉತ್ತರ ಹೊಲದಲ್ಲಿದೆ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದಲ್ಲಿ ವಿದ್ಯುತ್ ಕೊರತೆಯಾಗಿ, ಪಂಪ್‌ಸೆಟ್‌ಗಳಿಗೆ ಕೊಡುತ್ತಿದ್ದ ಏಳು ತಾಸಿನ ತ್ರೀ ಫೇಸ್ ಕರೆಂಟನ್ನು ಐದು ತಾಸಿಗೆ ಇಳಿಸಬೇಕಾಯಿತು. ಗೋವಿನಜೋಳ ಬೆಳೆಯುವ ಮನೆಗಳ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಬಿಲ್ ಯಾರೇ ಕಟ್ಟಲಿ, ಉರಿದ ಯುನಿಟ್ ಮತ್ತೆ ಬರುವುದಿಲ್ಲ.

ಮೀಟರಿನ ಕೆಂಪು ಮಿಣುಕು

1000 ವ್ಯಾಟ್‌ನ ಉಪಕರಣ ಒಂದು ತಾಸು ನಡೆದರೆ ಒಂದು ಯುನಿಟ್. ಈ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುವ ಬದಲು ಮನೆಯ ಮೀಟರಿನಲ್ಲಿ ಕಣ್ಣಾರೆ ನೋಡಿಸಬಹುದು. ಈಗಿನ ಮೀಟರುಗಳಲ್ಲಿ ಸಣ್ಣ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಒಂದು ಯುನಿಟ್‌ಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮುಖದ ಮೇಲೆಯೇ ಮುದ್ರಿತವಾಗಿರುತ್ತದೆ. ಅದು 3200 ಎಂದಿದ್ದರೆ, ಬೇರೆಲ್ಲವನ್ನೂ ಆರಿಸಿ 75 ವ್ಯಾಟ್‌ನ ಹಳೆಯ ಫ್ಯಾನ್ ಒಂದನ್ನೇ ಹಾಕಿದಾಗ ನಿಮಿಷಕ್ಕೆ 4 ಮಿಣುಕು ಬರುತ್ತದೆ. 750 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಕಾಯುತ್ತಿರುವಾಗ 40 ಬರುತ್ತದೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಒಂದೇ ಉರಿಯುತ್ತಿದ್ದರೆ ಒಂದು ಮಿಣುಕಿಗೆ ಎರಡು ನಿಮಿಷ ಕಾಯಬೇಕು. ಈ ಚಟುವಟಿಕೆಗೆ ಗಡಿಯಾರ ಮತ್ತು ಕಣ್ಣು ಸಾಕು. ಮೀಟರ್ ಮುಟ್ಟುವುದು ಬೇಡ, ದೊಡ್ಡವರು ಜೊತೆಗಿರಬೇಕು.

ಎಣಿಕೆ ಕೈಗೆ ಬಂದ ಮೇಲೆ ಹೋಲಿಕೆ ಸುಲಭ. 75 ವ್ಯಾಟ್ ಫ್ಯಾನ್ ದಿನಕ್ಕೆ 10 ತಾಸು ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯುನಿಟ್. ಈಗ ಸಿಗುವ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ 9 ಯುನಿಟ್. ದಿನಕ್ಕೆ 5 ತಾಸು ಉರಿಯುವ 60 ವ್ಯಾಟ್‌ನ ಹಳೆಯ ಬಲ್ಬಿಗೆ ತಿಂಗಳಿಗೆ 9 ಯುನಿಟ್, 9 ವ್ಯಾಟ್ ಎಲ್‌ಇಡಿಗೆ ಒಂದೂಕಾಲಿಗಿಂತ ತುಸು ಹೆಚ್ಚು. ಫ್ರಿಜ್‌ನ ಮೇಲಿನ ನಕ್ಷತ್ರದ ಚೀಟಿ ವರ್ಷಕ್ಕೆ ಎಷ್ಟು ಯುನಿಟ್ ಎಂಬುದನ್ನೂ ಹೇಳುತ್ತದೆ. ನಕ್ಷತ್ರ ಎಣಿಸುವುದರ ಜೊತೆಗೆ ಆ ಅಂಕಿಯನ್ನು ಓದುವುದನ್ನೂ ಕಲಿಸಬೇಕು.

ಇದೇ ಚಟುವಟಿಕೆ ಸುರಕ್ಷತೆಗೂ ಬಾಗಿಲು ತೆರೆಯುತ್ತದೆ. ಫ್ರಿಜ್, ಟಿವಿ, ಚಾರ್ಜರ್ ಸೇರಿ ಎಲ್ಲದರ ಪ್ಲಗ್ ತೆಗೆದು, ಎಲ್ಲ ಸ್ವಿಚ್ ಆರಿಸಿದ ಮೇಲೂ ದೀಪ ಮಿಣುಕುತ್ತಿದ್ದರೆ ಕರೆಂಟ್ ಎಲ್ಲಿಯೋ ಸೋರುತ್ತಿರಬಹುದು. ಹಸಿ ಗೋಡೆಯ ಮೂಲಕ 0.1 ಆಂಪಿಯರ್ ಸೋರಿದರೂ 230 ವೋಲ್ಟ್‌ನಲ್ಲಿ ಅದು 23 ವ್ಯಾಟ್. ಹಗಲು ರಾತ್ರಿ ಸೋರಿದರೆ ತಿಂಗಳಿಗೆ ಹದಿನಾರೂವರೆ ಯುನಿಟ್. ಅಷ್ಟು ಪ್ರವಾಹ ಮನುಷ್ಯನ ಮೈಯಲ್ಲಿ ಹರಿದರೆ ಜೀವಕ್ಕೆ ಅಪಾಯ. ಇಲ್ಲಿ ನಷ್ಟವೂ ಅಪಾಯವೂ ಒಂದೇ ಆಗಿವೆ. ಇದನ್ನು ಹುಡುಕಿ ಸರಿಪಡಿಸುವುದು ಬಲ್ಲ ಎಲೆಕ್ಟ್ರಿಷಿಯನ್‌ನ ಕೆಲಸ.

ಬಿಸಿಯಾಗುವ ಪ್ಲಗ್

ನನ್ನ ಅನುಭವದಲ್ಲಿ ಮಕ್ಕಳ ಮನಸ್ಸಿಗೆ ಬೇಗ ನಾಟುವ ಉದಾಹರಣೆ ಪ್ಲಗ್ಗಿನದು. ನೀರು ಕಾಯಿಸುವ 1500 ವ್ಯಾಟ್‌ನ ರಾಡ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ಸಡಿಲವಾದ ಪ್ಲಗ್ಗಿನಲ್ಲಿ ಅರ್ಧ ಓಮ್ ರೋಧ ಸೇರಿಕೊಂಡಿತು ಎನ್ನೋಣ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 21 ವ್ಯಾಟ್. ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು. ಹೆಚ್ಚುಕಡಿಮೆ ಅಷ್ಟೇ ಶಾಖ ಪ್ಲಾಸ್ಟಿಕ್ ಪ್ಲಗ್ಗಿನೊಳಗೆ ಕೂತಿರುತ್ತದೆ. ಪ್ಲಗ್ ಕಂದುಗಟ್ಟುವುದು, ಸುಟ್ಟ ವಾಸನೆ ಬರುವುದು ಇದರಿಂದಲೇ. ಆ ಶಾಖದಿಂದ ನೀರು ಕಾಯುವುದಿಲ್ಲ, ಆದರೆ ಮೀಟರ್ ಅದನ್ನೂ ಎಣಿಸುತ್ತದೆ.

ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್, ಅಂದರೆ ಸುಮಾರು 1380 ವ್ಯಾಟ್. 1500 ವ್ಯಾಟ್‌ನ ರಾಡಿಗೆ ಅದು ಸಾಲದು, 16 ಆಂಪಿಯರ್‌ನ ದೊಡ್ಡ ಸಾಕೆಟ್ ಬೇಕು. ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಇಸ್ತ್ರಿ ಪೆಟ್ಟಿಗೆ, ಕೆಟಲ್ ಎರಡನ್ನೂ ಸಿಕ್ಕಿಸುವುದು ಏಕೆ ತಪ್ಪು ಎಂಬುದನ್ನು ಮಕ್ಕಳೇ ಲೆಕ್ಕ ಹಾಕಿ ಹೇಳಲಿ.

ರಾಡಿನ ಲೆಕ್ಕ ಇನ್ನೂ ಇದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 0.35 ಯುನಿಟ್, ಅಂದರೆ 14 ನಿಮಿಷ ಸಾಕು. ಅರ್ಧ ತಾಸು ಬಿಟ್ಟರೆ 0.75 ಯುನಿಟ್, ಎರಡು ಪಟ್ಟಿಗೂ ಹೆಚ್ಚು. ಮರೆತೇಬಿಟ್ಟರೆ ನೀರು ಇಂಗಿ, ರಾಡ್ ಬರಿದಾಗಿ ಬೆಂಕಿಗೆ ಕಾರಣವಾಗಬಹುದು. ಗಡಿಯಾರ ನೋಡಿ ಆರಿಸುವುದು ಇಲ್ಲಿ ಉಳಿತಾಯವೂ ಹೌದು, ಸುರಕ್ಷತೆಯೂ ಹೌದು. ಲೋಹದ ಬಕೆಟ್ಟಿನಲ್ಲಿ ರಾಡ್ ಇಡಬಾರದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು.

ಫ್ಯೂಜ್ ಯಾರನ್ನು ಕಾಯುತ್ತದೆ?

‘ಫ್ಯೂಜ್ ನಮ್ಮನ್ನು ಶಾಕ್‌ನಿಂದ ಕಾಪಾಡುತ್ತದೆ’ ಎಂಬ ಉತ್ತರ ತರಗತಿಗಳಲ್ಲಿ ಆಗಾಗ ಬರುತ್ತದೆ. ಪ್ರಶಿಕ್ಷಣಾರ್ಥಿಗಳು ಇದನ್ನು ಅಲ್ಲೇ ತಿದ್ದಬೇಕು. ಒದ್ದೆ ಮೈಯ ರೋಧ 1000 ಓಮ್ ಎಂದು ಹಿಡಿದರೆ 230 ವೋಲ್ಟ್‌ಗೆ ಹರಿಯುವುದು 0.23 ಆಂಪಿಯರ್. 6 ಆಂಪಿಯರ್‌ನ ಫ್ಯೂಜಿಗೆ ಅದು ಗೊತ್ತೇ ಆಗುವುದಿಲ್ಲ, ಮನುಷ್ಯನಿಗೆ ಮಾತ್ರ ಅದು ಪ್ರಾಣಾಂತಿಕ. ಫ್ಯೂಜ್ ಮತ್ತು ಎಂಸಿಬಿ ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯಲು ಭೂಸಂಪರ್ಕ ಬೇಕು, ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಬೇಕು. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಭೂಸಂಪರ್ಕದ ಪಿನ್ ಏಕೆ ಉದ್ದ ಎಂಬುದು ತರಗತಿಗೆ ಒಳ್ಳೆಯ ಪ್ರಶ್ನೆ. ಸಿಕ್ಕಿಸುವಾಗ ಅದು ಮೊದಲು ಕೂಡುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಸಾಕೆಟ್ಟಿಗೆ ಹೊಂದಲಿಲ್ಲವೆಂದು ಆ ಪಿನ್ ಮುರಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳು ತಾವೇ ಹೇಳುತ್ತಾರೆ. ಫ್ಯೂಜ್ ಹೋದಾಗ ದಪ್ಪ ತಾಮ್ರದ ಎಳೆ ಕಟ್ಟುವುದರ ಅಪಾಯವನ್ನೂ ಇಲ್ಲಿಯೇ ಸೇರಿಸಬೇಕು.

ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಕಡೆ ಮಳೆಗಾಲದ ಮಾತು ಬಿಡುವಂತಿಲ್ಲ. ಬಟ್ಟೆ ಒಣಹಾಕಲು ಕಟ್ಟಿದ ಕಬ್ಬಿಣದ ತಂತಿ ಸರ್ವಿಸ್ ವೈರಿಗೆ ತಾಗಿದರೆ ಇಡೀ ತಂತಿಯಲ್ಲಿ ಕರೆಂಟ್ ಹರಿಯುತ್ತದೆ. ಅದರ ಬದಲು ನೂಲಿನ ಇಲ್ಲವೆ ನೈಲಾನ್ ಹಗ್ಗವನ್ನು ವೈರಿನಿಂದ ದೂರ ಕಟ್ಟಬೇಕು. ಯಾರಿಗಾದರೂ ಕರೆಂಟ್ ಹಿಡಿದಿದ್ದರೆ ಅವರನ್ನು ಮುಟ್ಟದೆ ಮೇನ್ ಸ್ವಿಚ್ ಆರಿಸಬೇಕು, 108ಕ್ಕೆ ಕರೆ ಮಾಡಬೇಕು. ಬೀದಿಯಲ್ಲಿ ತಂತಿ ಹರಿದು ಬಿದ್ದಿದ್ದರೆ ದೂರ ನಿಂತು, ಬೇರೆಯವರನ್ನೂ ತಡೆದು, ಹೆಸ್ಕಾಂನ 1912ಕ್ಕೆ ತಿಳಿಸಬೇಕು. ಈ ಎರಡು ಸಂಖ್ಯೆಗಳು ಮಕ್ಕಳ ನೋಟ್‌ಬುಕ್ಕಿನಲ್ಲಿ ಇರಲಿ.

ಪಾಠಯೋಜನೆಗೆ ಕೆಲವು ಸೂಚನೆಗಳು

ಇದಕ್ಕೆ ಮೂರು ಅವಧಿ ಸಾಕು. ಮೊದಲನೆಯದರಲ್ಲಿ ಉಪಕರಣಗಳ ಪಟ್ಟಿಯ ಮೇಲಿನ ವ್ಯಾಟ್ ಓದುವುದು ಮತ್ತು ಮಿಣುಕು ಎಣಿಸುವ ಮನೆಗೆಲಸ. ಎರಡನೆಯದರಲ್ಲಿ ತಿಂಗಳ ಯುನಿಟ್ ಲೆಕ್ಕ ಹಾಕಿ ಲೈಟ್ ಬಿಲ್ಲಿನೊಡನೆ ತಾಳೆ ನೋಡುವುದು. ಮೂರನೆಯದರಲ್ಲಿ ಪ್ಲಗ್, ಫ್ಯೂಜ್, ಭೂಸಂಪರ್ಕ. ಫ್ಯೂಜ್ ತೋರಿಸಲು ನಾಲ್ಕು ಶುಷ್ಕಕೋಶ ಮತ್ತು ಸ್ಟೀಲ್ ಉಣ್ಣೆಯ ತೆಳು ಎಳೆಯೊಂದು ಸಾಕು. ಮನೆಯ ಕರೆಂಟಿನಿಂದ ಯಾವ ಪ್ರಾತ್ಯಕ್ಷಿಕೆಯೂ ಬೇಡ, ಸ್ವಿಚ್ ಬೋರ್ಡ್ ಬಿಚ್ಚಿ ನೋಡಲು ಮಕ್ಕಳಿಗೆ ಹೇಳಲೂಬಾರದು.

ಇನ್ನೊಂದು ಮಾತು. ತರಗತಿಯಲ್ಲಿ ಭಾಗ್ಯಜ್ಯೋತಿಯ ಒಂದೆರಡು ಬಲ್ಬಿನ ಮನೆಯಿಂದ ಬಂದವರೂ ಇರುತ್ತಾರೆ, ಫ್ರಿಜ್, ವಾಷಿಂಗ್ ಮಷಿನ್ ಇರುವ ಮನೆಯವರೂ ಇರುತ್ತಾರೆ. ಮನೆಯ ಪಟ್ಟಿಯನ್ನು ಎದ್ದುನಿಂತು ಓದಿಸಬೇಡಿ. ಹಾಳೆ ಶಿಕ್ಷಕರ ಕೈಯಲ್ಲಿರಲಿ, ಲೆಕ್ಕಕ್ಕೆ ಕಲ್ಪಿತ ಮನೆಯೊಂದನ್ನು ಕೊಡಿ. ಹಳೆಯ ವೈರಿಂಗ್ ಇರುವ ಮನೆಯ ಮಗು ನಾಚಿಕೆಯಿಂದ ಸುಮ್ಮನಾದರೆ, ಈ ಪಾಠ ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರಿಗೇ ತಲುಪುವುದಿಲ್ಲ.

ಮೌಲ್ಯಮಾಪನದಲ್ಲಿ ‘ವಿದ್ಯುತ್ ಉಳಿತಾಯದ ಐದು ಕ್ರಮಗಳನ್ನು ಬರೆಯಿರಿ’ ಎಂಬ ಪ್ರಶ್ನೆಯ ಬದಲು ಹೀಗೆ ಕೇಳಬಹುದು: ‘ನಿಮ್ಮ ಮನೆಯ ಒಂದು ಪ್ಲಗ್ ಬಳಸಿದಾಗಲೆಲ್ಲ ಬಿಸಿಯಾಗುತ್ತದೆ. ಇದರಿಂದ ಆಗುವ ಎರಡು ನಷ್ಟಗಳು ಯಾವುವು? ಮೊದಲು ಏನು ಮಾಡುತ್ತೀರಿ? ಯಾರಿಗೆ ಹೇಳುತ್ತೀರಿ?’ ಇದಕ್ಕೆ ಸರಿಯಾಗಿ ಉತ್ತರಿಸಿದ ಮಗು ಜೌಲನ ನಿಯಮವನ್ನೂ ಅರಿತಿದೆ, ಅಪಾಯವನ್ನೂ ಗುರುತಿಸಿದೆ.