ಬಿಸಿಲಿನ ಬೆಳೆಗೆ ಯಾವ ನೆಲ?



ಬರದ ಸೀಮೆ ಪಾವಗಡದಲ್ಲಿ 2018ರಲ್ಲಿ ಸೋಲಾರ್ ಪಾರ್ಕ್ ಉದ್ಘಾಟನೆಯಾಯಿತು. ವಿಸ್ತೀರ್ಣ ಸುಮಾರು 13,000 ಎಕರೆ. ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ ಗುತ್ತಿಗೆಗೆ ಪಡೆದರು. ಹಿಡುವಳಿದಾರರಿಗೆ ಇದು ಆಸರೆಯೇ ಸರಿ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ.

ಮಲೆನಾಡಿನ ನಮಗೂ ಇದರಲ್ಲಿ ಪಾಠವಿದೆ. ನಮ್ಮ ಸೊಪ್ಪಿನ ಬೆಟ್ಟವನ್ನು ಖಾಲಿ ಜಾಗವೆಂದು ಎಣಿಸಲಾಗದು. ತೋಟಕ್ಕೆ ಸೊಪ್ಪು, ದನಗಳಿಗೆ ಮೇವು ಅಲ್ಲಿಂದಲೇ ಬರಬೇಕು. ಹಳ್ಳದ ನೀರಿಗೂ ಅದೇ ಆಧಾರ. ಆದ್ದರಿಂದ ಸೋಲಾರ್ ಫಲಕಗಳಿಗೆ ಗೋದಾಮು, ಮನೆ, ಕೊಟ್ಟಿಗೆಗಳ ಮಾಡು ಮೊದಲಾಗಲಿ. ಬೆಟ್ಟದ ಮರಕ್ಕೆ ಕೊಡಲಿ ಬೇಡ. ಬರುವ ಮಹಾಸಭೆಯಲ್ಲಿ ಸದಸ್ಯರು ಈ ಕುರಿತು ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇವೆ.