ಸೋತವನ ಗೆಲುವು

ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ಪಕ್ಷದ ಹುರಿಯಾಳು ಯಾರಾಗಬೇಕೆಂದು ಮತದಾರರನ್ನೇ ಕೇಳುವ ಪ್ರಾಥಮಿಕ ಚುನಾವಣೆಗಳಲ್ಲಿ, ಎಣಿಕೆಗಿಂತ ಬೀಸುವ ಗಾಳಿಯೇ ಬಲವತ್ತರವಾಗುವುದುಂಟು. ೧೯೬೮ರ ಮಾರ್ಚ್ ೧೨ರಂದು ನ್ಯೂ ಹ್ಯಾಂಪ್‌ಷೈರಿನಲ್ಲಿ ಹಾಗೆಯೇ ಆಯಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸೆನೆಟರ್ ಯೂಜೀನ್ ಮೆಕಾರ್ಥಿಯವರು ಸ್ವಪಕ್ಷದ ಅಧ್ಯಕ್ಷ ಜಾನ್ಸನ್ನರಿಗೇ ಇದಿರಾಗಿ ನಿಂತಿದ್ದರು. ಅವರಿಗಾಗಿ ಕಾಲೇಜು ತರುಣರು ಗಡ್ಡ ಬೋಳಿಸಿ, ನೀಳಗೂದಲು ಕತ್ತರಿಸಿ, ಮನೆಮನೆಯ ಕದ ತಟ್ಟಿದರು. (ನಮ್ಮ ತರಗತಿಗಳ ತರುಣರು ಯಾವ ತತ್ತ್ವಕ್ಕಾಗಿ ಕ್ರಾಪನ್ನು ತ್ಯಜಿಸಿಯಾರೋ!)

ಜಾನ್ಸನ್ನರಿಗೆ ನೂರಕ್ಕೆ ಸುಮಾರು ೪೯ ಮತ, ಮೆಕಾರ್ಥಿಯವರಿಗೆ ೪೨. ಮತಪತ್ರದಲ್ಲಿ ಹೆಸರೇ ಇಲ್ಲದಿದ್ದರೂ, ಜನ ಕೈಯಾರೆ ಬರೆದ ಮತಗಳಿಂದಲೇ ಜಾನ್ಸನ್ನರು ಮುಂದಿದ್ದರು. ಆದರೂ ನಾಡು ಅದನ್ನು ಅವರ ಸೋಲೆಂದೇ ಓದಿತು. ನಾಲ್ಕೇ ದಿನಗಳಲ್ಲಿ ರಾಬರ್ಟ್ ಕೆನೆಡಿಯವರೂ ಕಣಕ್ಕಿಳಿದರು. ಮಾರ್ಚ್ ೩೧ರ ರಾತ್ರಿ ಜಾನ್ಸನ್ನರು ತಾವಿನ್ನು ಸ್ಪರ್ಧಿಸುವುದಿಲ್ಲವೆಂದು ಸಾರಿದರು. ಜೂನ್‌ನಲ್ಲಿ ಕೆನೆಡಿಯವರ ಹತ್ಯೆಯಾಯಿತು. ಆಗಸ್ಟಿನಲ್ಲಿ ಪಕ್ಷ ಆರಿಸಿದ್ದು, ಒಂದೂ ಪ್ರಾಥಮಿಕ ಚುನಾವಣೆಯ ಕಣಕ್ಕಿಳಿಯದ ಹಂಫ್ರೀಯವರನ್ನು.